ಇಬ್ರಿಯಿಂದ ತಂದ ಪಿಸ್ತೂಲು

ಅರ ಎಳೆದಷ್ಟೂ ತುಕ್ರನ ಸಿಟ್ಟು ಏರುತ್ತಿತ್ತು. ಪಿಸ್ತೂಲಿನ ನಳಿಗೆಯ ಉದ್ದಕ್ಕೂ ಒಂದು ಅಚ್ಚಿನ ಗೆರೆ ಎದ್ದು ಕಾಣುತ್ತಿತ್ತು. ಅದನ್ನು ಮ್ಯಾನೇಜರ್ ಕೀರ್ತನನ ಕುತ್ತಿಗೆ ಎಂದೇ ಭಾವಿಸಿ ಅವನು ಉಜ್ಜುತ್ತಿದ್ದ.

ಶುಕ್ರವಾರದ ಬೆಳಿಗ್ಗೆ. ಗಲ್ಫಿನ ದುಕ್ಮ್‌ನಲ್ಲಿದ್ದ ಕಾರ್ಮಿಕರ ಕ್ಯಾಂಪಿನಲ್ಲಿ ಕೆಲವರು ಬಟ್ಟೆ ಒಗೆಯುತ್ತಿದ್ದರು, ಉಳಿದವರು ಊರಿಗೆ ಫೋನ್ ಹಚ್ಚಿ ಕುಳಿತಿದ್ದರು. ತುಕ್ರ ಮಂಚದ ಮೇಲೆ ಹಳೆಯ ಲುಂಗಿ ಹಾಸಿ ಸಾಮಾನೆಲ್ಲ ಹರಡಿಕೊಂಡಿದ್ದ. ಇಪ್ಪತ್ತು ವರ್ಷದಿಂದ ಫಿಟ್ಟರ್. ಪೈಪು, ವಾಲ್ವು ಬಿಟ್ಟು ಬೇರೇನೂ ಮುಟ್ಟಿದವನಲ್ಲ. ಪಿಸ್ತೂಲಿನ ಕೆಲಸ ಇದೇ ಮೊದಲು. ಕಳೆದ ವಾರ ಬಿಡಿಭಾಗ ತರಲು ಇಬ್ರಿ ಪೇಟೆಗೆ ಹೋದಾಗ ಕೊಂಡ ಅಗ್ಗದ ಮಾಲು. ಹಿಡಿ ಬಿರುಕು ಬಿಟ್ಟಿತು, ಹಲಗೆಯ ತುಂಡಿನಿಂದ ಬೇರೆ ಕೆತ್ತಿದ. ತೂಕ ಸಾಲದೆಂದು ಒಳಗೆ ಸೀಸ ತುಂಬಿದ. ಟ್ರಿಗರ್ ಅಲುಗಾಡುತ್ತಿತ್ತು, ತಗಡು ಕತ್ತರಿಸಿ ಹೊಸದು ಕೂರಿಸಿದ. ಕಪ್ಪು ಬಣ್ಣವನ್ನು ಎರಡು ಸಲ ಬಳಿದು, ಮನಸ್ಸಿಗೆ ಹಿಡಿಸದೆ ಎರಡು ಸಲವೂ ಕೆರೆದು ತೆಗೆದಿದ್ದ. ಈಗ ಗೆರೆ ಅಳಿಸಿದ ಮೇಲೆ ಮೂರನೆಯ ಸಲ ಬಳಿದು ಒಣಗಿಸಿದ.

ಮಂಗಳೂರಿನಲ್ಲಿ ಹೆಂಡತಿ ಲೋಲಾಕ್ಷಿಗೆ ಬರುವ ಬುಧವಾರ ಹೃದಯದ ಆಪರೇಷನ್. ಎರಡು ಸಲ ದಿನ ಮುಂದೆ ಹಾಕಿಸಿಕೊಂಡಾಗಿತ್ತು. ಇನ್ನೊಮ್ಮೆ ಮುಂದೆ ಹಾಕಿದರೆ ತಾವು ಜವಾಬ್ದಾರರಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳದ್ದು ಒಂದೇ ಹಟ. "ನೀವು ಬಾರದೆ ನಾನು ಆ ಟೇಬಲ್ ಮೇಲೆ ಮಲಗುವವಳಲ್ಲ."

ಕ್ಯಾಂಪ್ ಮ್ಯಾನೇಜರ್ ಕೀರ್ತನ್ ತುಕ್ರನ ಊರಿನ ಕಡೆಯವನೇ, ತುಳುವಿನಲ್ಲೇ ಮಾತಾಡುವವನು. ಟ್ಯಾಂಕಿನ ಕೆಲಸ ಮುಗಿಯುವ ತನಕ ಒಬ್ಬ ಫಿಟ್ಟರನ್ನೂ ಬಿಡುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ಕ್ಯಾಂಪಿಗೆ ಬಂದ ಮೊದಲ ದಿನವೇ ಎಲ್ಲರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದವನೂ ಅವನೇ. ತುಕ್ರ ಕಾರ್ಮಿಕ ಇಲಾಖೆಗೆ ದೂರು ಕೊಟ್ಟ. ತುಕ್ರನ ಪಾಸ್‌ಪೋರ್ಟ್ ತಮ್ಮಲ್ಲಿಲ್ಲ, ಕೆಲಸಗಾರನೇ ಕಳೆದುಕೊಂಡಿದ್ದಾನೆ ಎಂದು ಕೀರ್ತನ್ ಸಹಿ ಹಾಕಿ ಬರೆದುಕೊಟ್ಟ. ಹೊಸದು ಬರಲು ತಿಂಗಳ ಮೇಲಾಗುತ್ತದೆ. ಇಲಾಖೆಯ ಮೆಟ್ಟಿಲಿಳಿಯುವಾಗ ಕೀರ್ತನ್ ತುಕ್ರನ ಹೆಗಲ ಮೇಲೆ ಕೈ ಹಾಕಿ ನಕ್ಕಿದ್ದ.

"ಎಂತ ಮಾಡುವುದು ತುಕ್ರಣ್ಣ, ನಮ್ಮ ಸಾಮಾನು ನಾವೇ ಜಾಗ್ರತೆ ಮಾಡಬೇಕು."

ಆ ನಗು ನೆನಪಾದಾಗಲೆಲ್ಲ ತುಕ್ರನ ದವಡೆ ಬಿಗಿಯುತ್ತಿತ್ತು.

ಚಹಾ ಹಿಡಿದು ಬಂದ ಇಸ್ಮಾಯಿಲ್ ಬಾಗಿಲಲ್ಲೇ ನಿಂತುಬಿಟ್ಟ. ಅವನು ಕ್ಯಾಂಪಿನ ಅಡುಗೆಯವನು, ಉಪ್ಪಿನಂಗಡಿಯ ಬ್ಯಾರಿ. ಸಾರಿಗೆ ಉಪ್ಪು ಹೆಚ್ಚಾದರೆ ತಾನೇ ಮೇಜಿನಿಂದ ಮೇಜಿಗೆ ಹೋಗಿ ಹೇಳಿಬರುವಷ್ಟು ಬಾಯಿ ಸಡಿಲ.

"ಎಂತ ಮಾರಾಯ್ರೆ ಇದು?"

"ಕಣ್ಣಿಲ್ಲವಾ ಬ್ಯಾರಿಗಳೇ?" ತುಕ್ರ ಪಿಸ್ತೂಲನ್ನು ಎತ್ತಿ ಬೆಳಕಿಗೆ ಹಿಡಿದ.

"ಗುಂಡು?"

"ಒಂದೂ ಬೇಕಾಗಲಿಕ್ಕಿಲ್ಲ."

ಹೆಂಡತಿ ಅಲ್ಲಿ ಆಸ್ಪತ್ರೆಯಲ್ಲಿ, ಗಂಡ ಇಲ್ಲಿ ಜೈಲಿನಲ್ಲಿ, ಇದು ಯಾವ ಸೀಮೆಯ ಬುದ್ಧಿ ಎಂದು ಇಸ್ಮಾಯಿಲ್ ಗೋಗರೆದ. ಬೇಕಾದರೆ ತಾನೇ ಕೀರ್ತನನ ಕಾಲು ಹಿಡಿಯುತ್ತೇನೆ ಎಂದ.

"ಅವನ ಕಾಲು ಯಾರೂ ಹಿಡಿಯುವುದು ಬೇಡ. ಇದನ್ನು ಕಂಡದ್ದು ನೀವೊಬ್ಬರೇ. ಕೀರ್ತನನ ಕಿವಿಗೆ ಬಿದ್ದರೆ ನನ್ನ ಕಥೆ ಮುಗಿಯಿತು."

ಇಸ್ಮಾಯಿಲ್ ತಲೆಯಾಡಿಸಿ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದ. ಚಹಾ ಕೊಡಲು ಮರೆತೇ ಹೋಗಿತ್ತು.

ತುಕ್ರ ಪಿಸ್ತೂಲನ್ನು ಒರೆಸಿ ದಿಂಬಿನ ಕೆಳಗಿಟ್ಟ. ಗಡ್ಡ ಹೆರೆದುಕೊಂಡ. ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಬಟ್ಟೆಗಳನ್ನೆಲ್ಲ ಬ್ಯಾಗಿಗೆ ತುಂಬಿ ಜಿಪ್ ಎಳೆದ. ಮಂಚದ ಅಂಚಿನಲ್ಲಿ ಕುಳಿತು ಕಾದ.

ಒಂದು ಗಂಟೆಯೊಳಗೆ ಎರಡು ಪೊಲೀಸ್ ಗಾಡಿಗಳು ಬಂದವು. ತುಕ್ರ ಎರಡೂ ಕೈಗಳನ್ನು ಮೊಣಕಾಲ ಮೇಲೆ, ಕಾಣುವ ಹಾಗೆ ಇಟ್ಟುಕೊಂಡಿದ್ದ. ಪೊಲೀಸರು ದಿಂಬು ಎತ್ತಿದ್ದೇ ತಡ, ಹಿಂದೆ ನಿಂತಿದ್ದ ಕೀರ್ತನ್ "ನೋಡಿ ಸರ್, ನಾನು ಹೇಳಲಿಲ್ಲವಾ" ಎಂದು ಮುಂದೆ ನುಗ್ಗಿದ. ಅವನ ಮುಖ ಬೆವರಿತ್ತು. ಅಡುಗೆಮನೆಯ ಗೋಡೆಗೊರಗಿ ಇಸ್ಮಾಯಿಲ್ ಅಳುತ್ತಿದ್ದ. ತುಕ್ರ ಅವನತ್ತ ತಿರುಗಿಯೂ ನೋಡಲಿಲ್ಲ.

ಕ್ಯಾಂಪ್ ಆಫೀಸಿನಲ್ಲಿ ಪೊಲೀಸ್ ಅಧಿಕಾರಿ ಕುರ್ಚಿ ಎಳೆದು ಕುಳಿತ. ಅಲಿ ಎಂದು ಹೆಸರು, ತಣ್ಣಗಿನ ಮನುಷ್ಯ, ಹಿಂದಿ ಬಲ್ಲವನು. ಪಿಸ್ತೂಲನ್ನು ಬಟ್ಟೆಯ ಮೇಲಿಟ್ಟುಕೊಂಡು, ಇವನು ಯಾರು, ಇವನ ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳಿದ.

ಅಷ್ಟು ಸಾಕಿತ್ತು. ಕೀರ್ತನ್ ಸೊಂಟದ ಬೀಗದ ಕೈ ಕಳಚಿ ಕಬ್ಬಿಣದ ಕಪಾಟು ತೆರೆದ. ರಬ್ಬರ್ ಹಾಕಿದ ಪಾಸ್‌ಪೋರ್ಟುಗಳ ಕಟ್ಟಿನಿಂದ ತುಕ್ರನದನ್ನು ಎಳೆದು ಅಧಿಕಾರಿಯ ಮುಂದೆ ಎಸೆದ ಹಾಗೆ ಇಟ್ಟ.

"ಇವತ್ತೇ ಗಡೀಪಾರು ಮಾಡಿ ಸರ್. ಖಲಾಸ್. ಇಂಥವನು ನಮಗೆ ಬೇಡ." ತುಕ್ರನ ಕಡೆ ತಿರುಗಿ ತುಳುವಿನಲ್ಲಿ, "ಊರಿಗೆ ಹೋಗಬೇಕೆಂದು ಕುಣಿಯುತ್ತಿದ್ದೆಯಲ್ಲ, ಹೋಗು ಈಗ" ಎಂದ. ಈ ಸಲ ಅಣ್ಣ ಎನ್ನಲಿಲ್ಲ.

ಅಲಿ ಪಿಸ್ತೂಲನ್ನು ಒಮ್ಮೆ ತೂಗಿ ನೋಡಿದ. ಉಗುರಿನಿಂದ ಬಣ್ಣ ಕೆರೆದ. ಒಳಗಿನಿಂದ ಕೆಂಪು ಪ್ಲಾಸ್ಟಿಕ್ ಇಣುಕಿತು. ಇನ್ನಷ್ಟು ಕೆರೆದಾಗ ಹಳದಿ ನಕ್ಷತ್ರವೊಂದು ಕಾಣಿಸಿತು.

"ಇದು ಮಕ್ಕಳ ಆಟಿಕೆ."

"ಹೌದು ಸಾಹೇಬ್," ಎಂದ ತುಕ್ರ. "ಪಿಸ್ತೂಲು ಎಂದರೆ ನೀವು ಒಂದು ಗಂಟೆಯಲ್ಲಿ ಬರುತ್ತೀರಿ. ನಾನು ಕಳೆದುಕೊಂಡಿದ್ದೇನೆಂದು ಇವರು ಇಲಾಖೆಗೆ ಬರೆದುಕೊಟ್ಟ ಪಾಸ್‌ಪೋರ್ಟ್ ಈಗ ನಿಮ್ಮ ಕೈಯಲ್ಲಿದೆ. ಅದನ್ನು ಬರೆದುಕೊಳ್ಳಿ."