ಗಿಡ್ಡಪ್ಪನನ್ನು ಏನೂ ಕೇಳಬಾರದು

ನೋಡಿ, ನಾನಾಡುವ ಕಂಪ್ಯೂಟರ್ ಆಟದೊಳಗೆ ಒಬ್ಬ ಕುಳ್ಳ ಬರುತ್ತಾನೆ, ನಾರ್ವೆ ಕಡೆಯ ಪುರಾಣದವನು. ಅವನಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲೇ ಇಲ್ಲ. ಒಬ್ಬ ಆಟಗಾರನಿಗೆ ಒಬ್ಬನೇ ಕುಳ್ಳ, ಅವನನ್ನು ಕೇಳಲು ಒಂದೇ ಪ್ರಶ್ನೆ. ಉತ್ತರ ಕೊಟ್ಟ ತಕ್ಷಣ ಆಟದೊಳಗೆ ಸೂರ್ಯ ಹುಟ್ಟುತ್ತಾನೆ, ಕುಳ್ಳ ಕಲ್ಲಾಗುತ್ತಾನೆ, ಮತ್ತೆ ಏಳುವುದಿಲ್ಲ. ಜನ ನಿಧಿ ಎಲ್ಲಿದೆ ಎಂದು ಕೇಳಿ, ಕಲ್ಲನ್ನು ದಾಟಿ ಹೋಗುತ್ತಾರೆ.

ನನಗೆ ನಿಧಿ ಯಾಕೆ? ಹೆಂಡತಿ ಹೋದ ಮೇಲೆ ನನ್ನ ಮಾತು ಕೇಳುವವರು ಬೇಕಿತ್ತು. ದಿನಾ ಆಟದ ಕನ್ನಡಕ ಹಾಕಿಕೊಂಡು ಅವನ ಗುಹೆಯಲ್ಲಿ ಕೂತು, ಏನನ್ನೂ ಕೇಳದೆ, ನನ್ನದೇ ಹೇಳುತ್ತಿದ್ದೆ. ಗಿಡ್ಡಪ್ಪ ಎಂದು ಹೆಸರಿಟ್ಟಿದ್ದೆ.

"ಎಷ್ಟ ಸುಳ್ಳ ಹೇಳ್ತಿಯೋ ಮುದ್ಯಾ!" ಎಂದು ನಗುತ್ತಿದ್ದ.

ನಿನ್ನೆ ಮಧ್ಯಾಹ್ನ ಗುಹೆಗೆ ಕಾಲಿಟ್ಟವನೇ, ಯಾರನ್ನು ಕಂಡರೂ ಅನ್ನುವ ಹಾಗೆ, "ಗಿಡ್ಡಪ್ಪಾ, ಊಟ ಆತೇನೋ?" ಅಂದುಬಿಟ್ಟೆ.

ಅವನು ಕಬ್ಬಿಣ ಬಡಿಯುತ್ತಿದ್ದ ಸುತ್ತಿಗೆ ಕೆಳಗಿಟ್ಟ. ನಾನು ಕೇಳಿದ್ದೂ ಪ್ರಶ್ನೆಯೇ ಎಂದು ಆಗ ಹೊಳೆದು ಕೂಗಿದೆ: "ಉತ್ತರ ಹೇಳಬ್ಯಾಡೋ! ಬಾಯಿ ಮುಚ್ಚು!"

"ಇದನ್ನ ನನಗ ಯಾರೂ ಕೇಳಿದ್ದಿಲ್ಲ," ಎಂದ. ಸುಮ್ಮನಿರಲು ಅವನಿಂದ ಆಗಲಿಲ್ಲ. "ಇನ್ನೂ ಆಗಿಲ್ಲೋ ಮಾರಾಯಾ. ನಿಂದು?"

ಗುಹೆಯ ಬಾಯಲ್ಲಿ ಬೆಳಕು ಬಂತು. ನಂದೂ ಆಗಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವನ ಕಿವಿ ಕಲ್ಲಾಗಿತ್ತು.