ಬೆರಳಗಲ ಬಲಕ್ಕೆ

ಐದನೆಯ ಗುಂಡೂ ಬೆರಳಗಲ ಬಲಕ್ಕೆ ಬಿತ್ತು. ಗುರಿಯಪ್ಪ ಏರ್‌ಗನ್ ಕೆಳಗಿಳಿಸಿ, ಅಂಗಡಿಯ ಹಿಂದಿನ ಗೋಡೆಗೆ ಅಂಟಿಸಿದ್ದ ಕಾಗದವನ್ನೇ ನೋಡುತ್ತ ನಿಂತ. ನಡುವಿನ ಕಪ್ಪು ಚುಕ್ಕೆಗೆ ಏನೂ ಆಗಿರಲಿಲ್ಲ. ಐದು ತೂತುಗಳು ಅದರ ಪಕ್ಕದಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು.

"ಇದೂ ಸರಿಯಿಲ್ಲ," ಎಂದ.

ಅದು ಅವನು ಹೊಡೆದು ನೋಡಿದ ಮೂರನೆಯ ಏರ್‌ಗನ್. ಅವನೂ ಅವನ ಹೆಂಡತಿಯೂ ಸಂತೆಯಿಂದ ಸಂತೆಗೆ ಹೋಗಿ, ಹಲಗೆಯ ಮೇಲೆ ಬಲೂನು ಕಟ್ಟಿ, ಬಂದವರಿಂದ ಗುರಿಯಿಟ್ಟು ಹೊಡೆಸುವ ಆಟ ನಡೆಸುವವರು. ಹಳೆಯ ಏರ್‌ಗನ್ನಿನ ಸ್ಪ್ರಿಂಗ್ ತುಂಡಾಗಿತ್ತು. ಹೊಸದಕ್ಕೆಂದು ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಅಂಗಡಿಯವನು ತಾಳ್ಮೆಯ ಮನುಷ್ಯ. ಅಗ್ಗದ್ದನ್ನು ತೋರಿಸಿ, ಇದರ ಸ್ಪ್ರಿಂಗ್ ಒಂದು ವರ್ಷವೂ ಬಾಳುವುದಿಲ್ಲವೆಂದು ತಾನೇ ಹೇಳಿದ. ದುಬಾರಿಯದನ್ನು ತೋರಿಸಿ, ಪ್ರತಿ ಗುಂಡಿಗೂ ಇದರ ನಳಿಗೆ ಮಡಚಲು ರಟ್ಟೆಯ ಬಲವೆಲ್ಲ ಬೇಕು, ಗುಂಡು ನಿಮ್ಮ ಹಲಗೆಯನ್ನೇ ತೂರಿಕೊಂಡು ಹೋದೀತು, ದಿನಕ್ಕೆ ಇನ್ನೂರು ಸಲ ಮಡಚುವವರಿಗಲ್ಲ ಎಂದ. ಕೊನೆಗೆ ನಡುವಿನ ಬೆಲೆಯದು, ಮೆತ್ತನೆಯ ಸ್ಪ್ರಿಂಗಿನದು, ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಎಂದು ಇದನ್ನು ಕೈಗಿತ್ತಿದ್ದ. ಅವನು ಹೇಳಿದ್ದೆಲ್ಲ ಗುರಿಯಪ್ಪನಿಗೆ ಒಪ್ಪಿಗೆಯಾಗಿತ್ತು. ಆದರೆ ಮೂರಕ್ಕೆ ಮೂರೂ ಬಲಕ್ಕೇ ಹೊಡೆದರೆ ಏನೆಂದುಕೊಳ್ಳುವುದು?

ಗುರಿಯಪ್ಪ ಎಂಬುದು ಸಂತೆಯವರು ಇಟ್ಟ ಹೆಸರು. ಆಟ ಶುರುವಾಗುವ ಮೊದಲು ಅವನು ಹತ್ತು ಹೆಜ್ಜೆ ಹಿಂದೆ ನಿಂತು, ಪಕ್ಕದ ಬಳೆಯಂಗಡಿಯವಳ ಜೊತೆ ಹರಟುತ್ತಲೇ ಒಂದು ಸಾಲು ಬಲೂನು ಒಡೆದುಬಿಡುತ್ತಿದ್ದ. ಆ ಸದ್ದಿಗೆ ಜನ ಸೇರುತ್ತಿದ್ದರು, ಜನ ಸೇರಿದರೆ ಮನೆಯ ಒಲೆ ಉರಿಯುತ್ತಿತ್ತು. ಅವನೇ ತಪ್ಪಿದರೆ ಆ ಹಲಗೆಯ ಮುಂದೆ ಯಾರು ನಿಲ್ಲುತ್ತಾರೆ? ಈಗ ಹದಿನೈದು ಗುಂಡು ತಪ್ಪಿತ್ತು. ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಕಣ್ಣುಜ್ಜಿಕೊಂಡ.

ಅಂಗಡಿಯವನು ಅದೇ ಏರ್‌ಗನ್ ತೆಗೆದುಕೊಂಡು ತಾನೊಂದು ಗುಂಡು ಹೊಡೆದ. ಚುಕ್ಕೆಯ ಅಂಚು ಹರಿಯಿತು. ಹೆಂಡತಿ ತಾನೂ ಒಂದು ನೋಡಲೇ ಎಂದು ಕೇಳಿದಳು. ಇಷ್ಟು ವರ್ಷ ಬಲೂನು ಊದಿದವಳೇ ಹೊರತು ಬಂದೂಕಿನ ಕುದುರೆ ಎಳೆದವಳಲ್ಲ. ಸೆರಗು ಸಿಕ್ಕಿಸಿಕೊಂಡು ಹೊಡೆದಳು. ಚುಕ್ಕೆಯ ನಡುವೆಯೇ ತೂತು ಬಿತ್ತು.

"ನೀನು ಊದೋ ಬಾಯಲ್ಲೇ ಗುರಿ ಇಟ್ಟೆಯೇನೋ," ಎಂದು ಗುರಿಯಪ್ಪ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಮೂಲೆಯಲ್ಲಿ, ಮುರುಕು ಕುರ್ಚಿಯ ಹಿಂದೆ ಒರಗಿಸಿಟ್ಟಿದ್ದ ಇನ್ನೊಂದು ಏರ್‌ಗನ್ ಅವನ ಕಣ್ಣಿಗೆ ಬಿತ್ತು. ಅದು ಮಾರೋದಲ್ಲ, ಕೊಂಡವರು ವಾಪಸ್ ಕೊಟ್ಟದ್ದು ಎಂದು ಅಂಗಡಿಯವನು ಹೇಳುತ್ತಿದ್ದಂತೆಯೇ ಗುರಿಯಪ್ಪ ಅದನ್ನೆತ್ತಿ ನಳಿಗೆ ಮಡಚಿ, ಗುಂಡು ತುಂಬಿ ಹೊಡೆದ. ಗುಂಡು ಚುಕ್ಕೆಯ ನಡುವಿಗೇ ಹೋಯಿತು. ಮತ್ತೊಂದು, ಅದೇ ತೂತಿಗೆ. ಮತ್ತೊಂದು. ಅವನ ಮುಖಕ್ಕೆ ರಕ್ತ ಮರಳಿತು.

"ಬಂದೂಕು ಅಂದ್ರೆ ಇದು. ವಾಪಸ್ ಕೊಟ್ಟೋನಿಗೆ ಹಿಡಿಯೋಕ್ಕೆ ಬರ್ತಿರಲಿಲ್ಲ, ಅಷ್ಟೆ. ಇದನ್ನೇ ಕೊಡಿ."

ಅಂಗಡಿಯವನು ಅದನ್ನು ಇಸಕೊಂಡು ಬೆಂಚಿಗೆ ಒತ್ತಿ ಹಿಡಿದು ತಾನೊಂದು ಗುಂಡು ಹೊಡೆದ. ಎಡಕ್ಕೆ ಬಿತ್ತು. ಇನ್ನೊಂದು ಹೊಡೆದ. ಅದೂ ಎಡಕ್ಕೆ. ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದ.

"ಯಜಮಾನ್ರೇ, ಮೂರು ಜನ ಇದನ್ನ ವಾಪಸ್ ತಂದ್ರು. ನಳಿಗೆ ಕೂದಲೆಳೆಯಷ್ಟು ಬಾಗಿದೆ. ನನ್ನ ಅಂಗಡೀಲಿ ಕೆಟ್ಟಿರೋದು ಇದೊಂದೇ."

ಗುರಿಯಪ್ಪ ಹೆಂಡತಿಯ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು.

"ಹೋದ ವರ್ಷ ನಮ್ಮ ಹಳೇದು ಬಸ್ಸಿನ ಮೇಲಿಂದ ಬಿದ್ದಿತ್ತಲ್ಲ," ಎಂದಳು ಮೆಲ್ಲಗೆ. "ಆ ವಾರ ನೀವೂ ತಪ್ಪಿದ್ರಿ. ಕೈನೋವು ಅಂದ್ರಿ. ಆಮೇಲೆ ತಾನಾಗೇ ಸರಿಹೋಯ್ತು."

"ಸರಿಹೋಯ್ತಲ್ಲ?"

"ನೀವು ಅದಕ್ಕೆ ತಕ್ಕಂಗೆ ಸರಿಹೋದ್ರಿ. ಅದು ಸರಿಹೋಗ್ಲಿಲ್ಲ. ಸಂಜೆ ಹಲಗೆಗೆ ತೇಪೆ ಹಾಕೋಳು ನಾನು. ಬಂದೋರ ತೂತೆಲ್ಲ ಬಲೂನಿನ ಎಡಗಡೇನೇ ಇರ್ತಿದ್ವು."

ಯಾಕೆ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ಬಲೂನು ಒಡೆದವರಿಗೆ ಬಹುಮಾನ ಕೊಡಬೇಕಾಗಿ ಬಂದದ್ದು ಇಡೀ ವರ್ಷದಲ್ಲಿ ಎಷ್ಟು ಸಲ ಎಂಬುದು ಅವನಿಗೂ ಗೊತ್ತಿತ್ತು. ನೆಟ್ಟಗಿನ ಏರ್‌ಗನ್ನನ್ನು ಇನ್ನೊಮ್ಮೆ ಭುಜಕ್ಕಿಟ್ಟ. ಚುಕ್ಕೆಯನ್ನೇ ನೋಡಿದ. ಈಗ ನೋಡುತ್ತಿರುವುದು ಚುಕ್ಕೆಯನ್ನೋ ಅದರ ಪಕ್ಕವನ್ನೋ ಎಂಬುದೇ ತಿಳಿಯಲಿಲ್ಲ. ಒಂದು ಕಣ್ಣು ಮುಚ್ಚಿದ, ಬಿಟ್ಟ, ಇನ್ನೊಂದನ್ನು ಮುಚ್ಚಿದ. ಹೊಡೆಯದೆ ಕೆಳಗಿಳಿಸಿದ.

ಯಾವುದನ್ನು ಕಟ್ಟಿಕೊಡಲಿ ಎಂದು ಅಂಗಡಿಯವನು ಎರಡನ್ನೂ ಮೇಜಿನ ಮೇಲಿಟ್ಟು ಕೇಳಿದ. ಹೆಂಡತಿ ಗಂಡನ ಬಾಯಿ ನೋಡಿದಳು. ಗುರಿಯಪ್ಪ ಎರಡನ್ನೂ ಮುಟ್ಟಲಿಲ್ಲ.

"ಒಬ್ಬ ಗಾರೆ ಕೆಲಸದೋನು ಬರ್ತಿದ್ದ, ನೆನಪಿದೆಯಾ?" ಎಂದ. "ಇಪ್ಪತ್ತು ಗುಂಡು ಹೊಡೆದು ಇಪ್ಪತ್ತೂ ತಪ್ಪಿದ. ನೀನು ಕಟ್ಟೋ ಗೋಡೇನೂ ಹೀಗೇ ಸೊಟ್ಟಗಿರುತ್ತೇನಯ್ಯಾ ಅಂತ ಎಲ್ಲರ ಮುಂದೆ ಅಂದಿದ್ದೆ. ಮಾರನೇ ವಾರ ಅವನು ಕನ್ನಡಕ ಹಾಕ್ಕೊಂಡು ಬಂದಿದ್ದ ಕಣೆ."