ವಸ್ತು ಸಂಖ್ಯೆ ಒಂದರಿಂದ ಐದು

ಕೈಗೆ ಗವಸು, ಮೂಗಿಗೆ ಮುಸುಕು ಹಾಕಿಕೊಂಡ ಇಬ್ಬರು ಮಲ್ಕಮ್ಮನ ಹೊಲದ ಬನ್ನಿಗಿಡದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಪಂಚಪಾಂಡವರನ್ನು ಒಬ್ಬೊಬ್ಬರನ್ನಾಗಿ ಪ್ಲಾಸ್ಟಿಕ್ ಚೀಲಕ್ಕೆ ಇಳಿಸುತ್ತಿದ್ದರು. ಧರ್ಮರಾಯ ಮೊದಲು ಹೋದ. ಭೀಮ ತುಸು ದಪ್ಪ, ಅವನಿಗೆ ಎರಡು ಕೈ ಬೇಕಾದವು.

“ಸಾಹೇಬ್ರ, ಅವು ನಮ್ಮ ದೇವರ ಕಲ್ಲರಿ. ಎಳ್ಳಮಾಸಿ ಬಂತಂತ ನಿನ್ನೆ ನಾನೇ ಸುಣ್ಣ ಹಚ್ಚೀನಿ. ಮ್ಯಾಲಿಂದ ಬಿದ್ದದ್ದು ಇದಲ್ಲ, ಅಗೋ ಅಲ್ಲಿ—” ಎಂದು ಮಲ್ಕಮ್ಮ ಮೇವಿನ ಬಣವಿಯ ಕಡೆ ಕೈ ತೋರಿಸಿದಳು.

“ಅಮ್ಮಾ, ಇಲ್ಲಿ ಏನೂ ಬಿದ್ದಿಲ್ಲ,” ಎಂದರು ತಂಡದ ಮುಖ್ಯಸ್ಥ ಅರುಣಕುಮಾರ. ರಾಜಧಾನಿಯಿಂದ ಬಂದವರು. ಯಾವ ಇಲಾಖೆ ಎಂದು ಕೇಳಿದವರಿಗೆ ‘ಸಂಬಂಧಪಟ್ಟ ಇಲಾಖೆ’ ಎಂದಿದ್ದರು. ಹಿಂದಿನ ವಾರ ಸಂಜೆ ಹೊತ್ತು ಮುಳುಗುವಾಗ ಹೊಳೆಯುವ ಬಿಳಿ ಗುಂಡೊಂದು ಆಕಾಶದಿಂದ ಇಳಿದು ತೊಗರಿ ಹೊಲದಲ್ಲಿ ಮರೆಯಾದದ್ದನ್ನು ನಿಂಬರ್ಗಾದ ಅರ್ಧ ಊರು ನೋಡಿತ್ತು. ಉಳಿದರ್ಧ ಮೊಬೈಲಿನಲ್ಲಿ ನೋಡಿತ್ತು. ಯಾರೂ ಏನೂ ನೋಡಿಲ್ಲವೆಂಬುದು ತನಿಖೆ ಶುರುವಾಗುವ ಮೊದಲೇ ಖಚಿತವಾಗಿತ್ತು.

“ಏನೂ ಬಿದ್ದಿಲ್ಲಂದ್ರ ನಮ್ಮ ದೇವರನ್ನ ಯಾಕ ಒಯ್ಯಾಕತ್ತೀರಿ?”

“ಅದನ್ನೇ ತನಿಖೆ ಮಾಡಬೇಕು.”

ಕಲ್ಲಿದ್ದ ಜಾಗಗಳಲ್ಲಿ ಒಂದರಿಂದ ಐದರವರೆಗೆ ಅಂಕಿ ಬರೆದ ಹಳದಿ ತಗಡುಗಳನ್ನು ನೆಟ್ಟು, ಕಾವಲಿಗೆ ಪೊಲೀಸ್ ಖಮರನನ್ನು ನಿಲ್ಲಿಸಿ ಜೀಪು ಹೊರಟುಹೋಯಿತು. ಬಣವಿಯ ಮೇಲೆ, ಬೆಳಗಿನ ಇಬ್ಬನಿಗೆ ಮೇವು ಕೊಳೆಯದಿರಲೆಂದು ಮಲ್ಕಮ್ಮ ಹೊದಿಸಿದ್ದ ಹಾಳೆ, ಹಾಲಿನ ಕೆನೆಯಷ್ಟು ತೆಳ್ಳಗೆ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ತೊಗರಿ ಸಾಲಿನಲ್ಲಿ ಬಿದ್ದಿದ್ದ ಅದನ್ನು ಅವಳೇ ಎಳೆದು ತಂದಿದ್ದಳು. ಕೇಳಿಸಿಕೊಳ್ಳುವವರಿದ್ದರೆ ಹೇಳುತ್ತಿದ್ದಳು.

ಆ ಕಲ್ಲುಗಳನ್ನು ಇಟ್ಟವರು ಅವಳ ಅತ್ತೆಯ ಅತ್ತೆ. ಪಾಂಡವರಿಲ್ಲದೆ ಆ ಹೊಲದಲ್ಲಿ ಒಮ್ಮೆಯೂ ಚರಗ ಚೆಲ್ಲಿದ್ದಿಲ್ಲ. ಹಾಗೆ ಹೊಲದ ತುಂಬ ಎರಚಿ ಬೆಳೆಗೆ ಎಡೆ ಉಣಿಸದೆ ಮನೆಯವರು ಉಂಡದ್ದೂ ಇಲ್ಲ. ಮಲ್ಕಮ್ಮ ಆಳಂದದ ಕಚೇರಿಗೆ ಎಡತಾಕಿದಳು. ಕಲ್ಲುಗಳು ಪ್ರಯೋಗಶಾಲೆಯಲ್ಲಿವೆ ಎಂದರು ಒಬ್ಬರು. ಯಾವ ಕಲ್ಲು ಎಂದರು ಇನ್ನೊಬ್ಬರು. ಮೂರನೆಯವರು ಬಾಗಿಲು ಹಾಕಿಕೊಂಡು, ತಮಗೂ ಏನೂ ಗೊತ್ತಿಲ್ಲ, ಆದರೆ ಅದು ಬಹಳ ದೊಡ್ಡ ವಿಷಯ ಎಂದು ಪಿಸುಗುಟ್ಟಿದರು.

ಎಳ್ಳು ಅಮಾವಾಸ್ಯೆಯ ಮಧ್ಯಾಹ್ನ ಅರುಣಕುಮಾರರ ಜೀಪು ಮತ್ತೆ ಬಂತು. ಹಬ್ಬದ ದಿನ ಹೊಲಕ್ಕೆ ಕಾಲಿಟ್ಟವರನ್ನು ಉಣಿಸದೆ ಕಳಿಸುವ ರೂಢಿ ಇಲ್ಲ. ಬಣವಿಯ ನೆರಳಿನಲ್ಲಿ ಕೂರಿಸಿ ಸಜ್ಜೆ ರೊಟ್ಟಿ, ಭಜ್ಜಿಪಲ್ಯ, ಕಡುಬು ಬಡಿಸಿದಳು. ಸಾಹೇಬರು ಎರಡನೆಯ ಸಲ ಭಜ್ಜಿ ಹಾಕಿಸಿಕೊಂಡರು.

“ಬಹಳ ರುಚಿಯಾಗಿದೆಯಮ್ಮಾ.”

“ರುಚಿ ಅದ ಅಂತ ಎಲ್ಲೂ ಬರೀಬ್ಯಾಡ್ರಿ ಮತ್ತ. ಭಜ್ಜೀನೂ ಒಯ್ದಾರು.”

ಖಮರ ನಗು ತಡೆಯಲು ಹೋಗಿ ಕೆಮ್ಮಿದ. ಸಾಹೇಬರು ಕೈ ತೊಳೆದು ವರದಿಯ ಸಾರ ತಿಳಿಸಿದರು: ವಸ್ತುಗಳು ಈ ಭೂಮಿಯವಲ್ಲ ಎನ್ನಲು ಆಧಾರವಿಲ್ಲ; ಭೂಮಿಯವೇ ಎನ್ನಲು ಅನುಮತಿ ಇಲ್ಲ. ಆದ್ದರಿಂದ ಏನೂ ಬಿದ್ದಿಲ್ಲ, ಏನನ್ನೂ ಒಯ್ದಿಲ್ಲ ಎಂದು ಮಲ್ಕಮ್ಮ ಒಂದು ಸಹಿ ಮಾಡಿದರೆ ಕಾವಲು ತೆಗೆಯಬಹುದು.

“ಕಾವಲು ಇರ್ಲಿ ಬಿಡ್ರಿ. ಖಮರ ಬಂದಾಗಿಂದ ಹಂದಿ ಈ ಕಡೆ ಸುಳಿದಿಲ್ಲ. ನನ್ನ ಕಲ್ಲು ಎಲ್ಲಿ?”

“ಕಲ್ಲು ಅನ್ನೋದೇ ಇಲ್ಲವಮ್ಮಾ. ನಮ್ಮ ತಗಡು ತೆಗೆದುಕೊಂಡು ಹೋಗ್ತೀವಿ, ಮುಗೀತು.”

ಬನ್ನಿಗಿಡದ ಬುಡಕ್ಕೆ ಹೋದ ಸಾಹೇಬರು ಹಾಗೇ ನಿಂತರು. ಐದೂ ತಗಡುಗಳಿಗೆ ಸುಣ್ಣದ ಬೊಟ್ಟು, ಅದರ ಮೇಲೆ ಕುಂಕುಮ, ತಲೆಗೊಂದು ಚೆಂಡುಹೂವು. ಪ್ರತಿ ಅಂಕಿಯ ಮುಂದೆ ಒಂದೊಂದು ಕಡುಬು. ಎರಡನೆಯ ತಗಡಿನ ಮುಂದೆ ಮಾತ್ರ ಎರಡಿದ್ದವು.

“ಇದೇನಮ್ಮಾ? ಇದು ಸರ್ಕಾರದ ಆಸ್ತಿ!”

“ಹೌದ್ರಿ. ಪಾಂಡವರು ಅಜ್ಞಾತವಾಸಕ್ಕ ಹೋಗ್ಯಾರ. ಎಲ್ಲಿ ಅದಾರ ಅಂತ ನಾ ಇನ್ನ ಕೇಳಂಗಿಲ್ಲ. ಸಿಕ್ಕುಬಿದ್ರ ಮತ್ತ ಹನ್ನೆರಡು ವರ್ಷ ವನವಾಸ. ಅವರು ಬರೋತನಕ ಇವೇ ನಮ್ಮ ದೇವ್ರು.”

ಸಾಹೇಬರು ಖಮರನ ಮುಖ ನೋಡಿದರು.

“ಪೂಜಾ ಆಗ್ಯಾದ್ರಿ ಸರ್,” ಎಂದ ಅವನು ನೆಲ ನೋಡುತ್ತ. “ಈಗ ಕಿತ್ತಿದ್ರ ಊರು ಸುಮ್ಮ ಇರಂಗಿಲ್ರಿ.”

“ಕಲ್ಲು ತಂದು ಕೊಡ್ರಿ, ತಗಡು ಒಯ್ರಿ,” ಎಂದಳು ಮಲ್ಕಮ್ಮ.

“ಇಲ್ಲದ ಕಲ್ಲು ಎಲ್ಲಿಂದ ತರಲಿ?”

“ಹಂಗಾದ್ರ ತಗಡೂ ಇಲ್ರಿ.”

ಸಹಿಯಿಲ್ಲದ ಕಾಗದ ಮಡಚಿಕೊಂಡು ಸಾಹೇಬರು ಜೀಪು ಹತ್ತಿದರು. ಮಲ್ಕಮ್ಮ ಚರಗದ ಬುಟ್ಟಿ ಹೊತ್ತು ತಗಡುಗಳನ್ನು ಒಂದು ಸುತ್ತು ಬಂದಳು. ಎರಡನೆಯ ಅಂಕಿಯ ಮುಂದೆ ನಿಂತಳು. ಭೀಮನ ದಪ್ಪ ಹೊಟ್ಟೆಯ ಮೇಲೆ ಸುಣ್ಣ ಸವರುತ್ತಿದ್ದ ಅಂಗೈ ಸುಮ್ಮನೆ ತೆರೆದುಕೊಂಡಿತು.

ಅಷ್ಟರಲ್ಲಿ ಮೂಡಗಾಳಿ ಬೀಸಿತು. ಬಣವಿಯ ಮೇಲಿನ ಹಾಳೆ ಗಾಳಿ ತುಂಬಿಕೊಂಡು, ಉಬ್ಬಿ, ಬಿಳಿ ಗುಂಡಾಗಿ ಅರ್ಧ ಮೇಲಕ್ಕೆದ್ದಿತು. ಧೂಳು ಬಂತೆಂದು ಸಾಹೇಬರು ಜೀಪಿನ ಕಿಟಕಿ ಏರಿಸಿಕೊಂಡರು. ಖಮರ ಓಡಿ ಹೋಗಿ ಹಾಳೆಯ ತುದಿ ಹಿಡಿದು, ಅದರ ಮೇಲೆ ಹೇರಲು ಬದುವಿನಲ್ಲಿ ಕಲ್ಲು ಹುಡುಕತೊಡಗಿದ.

“ಬಿಳೀ ಕಲ್ಲು ಇಡಬ್ಯಾಡೋ ತಮ್ಮಾ,” ಮಲ್ಕಮ್ಮ ಕೂಗಿ ಹೇಳಿದಳು, “ಒಯ್ತಾರ!”